ಮಲೆನಾಡಿನ ಮಳೆಗೆ ಮುಧೋಳ, ಗ್ರೇಹೌಂಡ್ ನಾಯಿ: ಕೋಟು, ಕೊರಳಪಟ್ಟಿ, ಹಾಸಿಗೆ ಮನೆಯಲ್ಲೇ ಹೊಲಿಯುವುದು ಹೇಗೆ

ಜೂನ್ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಹತ್ತಾರು ಕಡೆಯಿಂದ ಬರುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರ, ಶಿವಮೊಗ್ಗ ಪೇಟೆ, ಎಲ್ಲ ಕಡೆಯವರೂ ಕೇಳುವುದು ಇದನ್ನೇ: "ನಮ್ಮ ಮುಧೋಳ ನಾಯಿ ಮಳೆ ಶುರುವಾದ ಕೂಡಲೇ ನಡುಗುತ್ತದೆ. ಜಗಲಿ ಬಿಟ್ಟು ಇಳಿಯುವುದಿಲ್ಲ. ಅಂಗಡಿಯಿಂದ ತಂದ ಕೋಟು ಮೈಗೆ ಕೂರುವುದಿಲ್ಲ. ಏನು ಮಾಡೋದು?" ಗ್ರೇಹೌಂಡ್ ಸಾಕಿದವರದ್ದೂ ಇದೇ ಕಷ್ಟ.

ಅಂಗಡಿಯ ಕೋಟು ಕೂರದೇ ಇರುವುದಕ್ಕೆ ಕಾರಣ ಇದೆ. ಅವು ಲ್ಯಾಬ್ರಡಾರ್ ತರದ ಗುಂಡು ಮೈಯ ನಾಯಿಗಳ ಅಳತೆಗೆ ಹೊಲಿದವು. ನಿಮ್ಮ ನಾಯಿಯ ಎದೆ ಆಳ, ಸೊಂಟ ಸಣ್ಣ, ಬೆನ್ನು ಉದ್ದ, ಕುತ್ತಿಗೆ ಇನ್ನೂ ಉದ್ದ. ಎದೆಗೆ ಸರಿಯಾದದ್ದು ಬೆನ್ನಿಗೆ ಗಿಡ್ಡ. ಬೆನ್ನಿಗೆ ಸರಿಯಾದದ್ದು ಹೊಟ್ಟೆ ಕೆಳಗೆ ಜೋಲುತ್ತದೆ. ಹಾಗಾಗಿ ಮನೆಯಲ್ಲೇ ಹೊಲಿಯುವುದು ಲೇಸು. ಹೊಲಿಗೆ ಯಂತ್ರ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಅಳತೆ ತೆಗೆದು, ಕಾಗದ ಕತ್ತರಿಸಿ, ಹತ್ತಿರದ ದರ್ಜಿ ಹತ್ತಿರ ಕೊಟ್ಟರೂ ಆಯಿತು.

ಈ ನಾಯಿಗಳಿಗೆ ಚಳಿ ಯಾಕೆ ಜಾಸ್ತಿ?

ಗ್ರೇಹೌಂಡ್, ಮುಧೋಳ ಎರಡೂ ಸೈಟ್‌ಹೌಂಡ್ ಗುಂಪಿಗೆ ಸೇರಿದವು. ಅಂದರೆ ವಾಸನೆ ಹಿಡಿದು ಹೋಗುವ ಬದಲು ಕಣ್ಣಿನಿಂದ ನೋಡಿ ಬೇಟೆಯನ್ನು ಅಟ್ಟುವ ನಾಯಿಗಳು. ಗ್ರೇಹೌಂಡ್ ಗಂಟೆಗೆ 60 ಕಿ.ಮೀ. ದಾಟಿ ಓಡಬಲ್ಲದು. ಆ ಓಟಕ್ಕೆ ಹೊಂದಿಕೊಂಡ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಚರ್ಮ ತೆಳು, ಕೂದಲು ಗಿಡ್ಡ. ಎಷ್ಟೋ ಜಾತಿಯ ನಾಯಿಗಳಿಗೆ ಮೇಲಿನ ಕೂದಲಿನ ಅಡಿಯಲ್ಲಿ ಮೆತ್ತನೆಯ ಒಳಗೂದಲು ಇರುತ್ತದೆ, ಅದು ಬಿಸಿಯನ್ನು ಹಿಡಿದಿಡುತ್ತದೆ. ಇವಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮಳೆ ಬಿದ್ದರೆ ನೀರು ನೇರ ಚರ್ಮಕ್ಕೇ ಮುಟ್ಟುತ್ತದೆ.

ಊರಿನ ಲೆಕ್ಕವನ್ನೂ ನೋಡಿ. ಮುಧೋಳ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಆ ಕಡೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ನಮ್ಮ ಆಗುಂಬೆಯಲ್ಲಿ ವರ್ಷದ ಸರಾಸರಿ 7000 ಮಿ.ಮೀ. ದಾಟುತ್ತದೆ. ಬಯಲುಸೀಮೆಯ ಒಣ ಬಿಸಿಲಿಗೆ ಆದ ನಾಯಿಯನ್ನು ನಾವು ಈ ಜಡಿಮಳೆಗೆ ತಂದು ಸಾಕುತ್ತಿದ್ದೇವೆ. ಅದರ ಮೈಗೆ ಬೇಕಾದದ್ದನ್ನು ಮಾಡಿಕೊಡುವುದು ನಮ್ಮ ಜವಾಬ್ದಾರಿ, ಅಲ್ವಾ?

ಒಂದು ಮಾತು ಇಲ್ಲೇ ಹೇಳಬೇಕು. ಚಳಿ ತಡೆಯಲಿ ಅಂತ ಅನ್ನ, ಬೆಲ್ಲ, ತುಪ್ಪ ಹಾಕಿ ನಾಯಿಯನ್ನು ದಪ್ಪ ಮಾಡಬೇಡಿ. ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಈ ಜಾತಿಗೆ ಸಹಜ. ನೆಂಟರು ಬಂದವರೆಲ್ಲ "ಊಟ ಹಾಕಲ್ವಾ?" ಎಂದು ಕೇಳುತ್ತಾರೆ. ಕೇಳಲಿ ಬಿಡಿ. ಸಣ್ಣ ಕಾಲುಗಳ ಮೇಲೆ ಜಾಸ್ತಿ ತೂಕ ಬಿದ್ದರೆ ಕೀಲು ಹಾಳಾಗುತ್ತದೆ.

ನಡುಕ ಬಂದ ಮೇಲೆಯೇ ಚಳಿ ಅಂದುಕೊಳ್ಳಬೇಡಿ. ಅದಕ್ಕೆ ಮೊದಲೇ ಗುರುತು ಸಿಗುತ್ತದೆ. ಕಿವಿಯ ತುದಿ ಮುಟ್ಟಿ ನೋಡಿ, ತಣ್ಣಗೆ ಇರುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ, ಬಾಲ ತೊಡೆಗಳ ಸಂದಿಗೆ ಸೇರಿರುತ್ತದೆ, ಮುಂಗಾಲು ಒಂದೊಂದಾಗಿ ಎತ್ತಿ ಇಡುತ್ತಿರುತ್ತದೆ. ಇಷ್ಟು ಕಂಡರೆ ಕೋಟು ಹಾಕುವ ಹೊತ್ತಾಯಿತು.

ಏನೇನು ಬೇಕು

ಕೋಟು ಎರಡು ಬೇಕು. ಒಂದು ಮಳೆಯಲ್ಲಿ ಹೊರಗೆ ಹೋಗುವಾಗ, ಇನ್ನೊಂದು ಮನೆಯೊಳಗೆ ರಾತ್ರಿಗೆ. ಒಂದರಲ್ಲೇ ಎರಡೂ ಕೆಲಸ ಆಗಲಿ ಎಂದು ಹೋದರೆ ಒದ್ದೆ ಕೋಟಿನಲ್ಲೇ ನಾಯಿ ಮಲಗುವ ಹಾಗಾಗುತ್ತದೆ. ಕೋಟಿಲ್ಲದೆ ಇರುವುದಕ್ಕಿಂತ ಅದು ಕೆಟ್ಟದ್ದು. ಅದೃಷ್ಟಕ್ಕೆ ಎರಡಕ್ಕೂ ಕಾಗದದ ಅಚ್ಚು ಒಂದೇ.

ಮಳೆ ಕೋಟಿಗೆ ಹಳೆಯ ರೇನ್‌ಕೋಟಿನ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ದೊಡ್ಡವರ ರೇನ್‌ಕೋಟಿನ ಬೆನ್ನಿನ ಭಾಗದಲ್ಲಿ ಜೋಡಣೆ ಇಲ್ಲದ ಅಗಲ ತುಂಡು ಸಿಗುತ್ತದೆ. ಕೊಡೆ ಬಟ್ಟೆಯಲ್ಲೂ ಆಗುತ್ತದೆ, ಆದರೆ ಅದು ತ್ರಿಕೋನ ತುಂಡುಗಳನ್ನು ಜೋಡಿಸಿದ್ದು, ಆ ಹೊಲಿಗೆಗಳಲ್ಲೇ ನೀರು ಇಳಿಯುತ್ತದೆ. ಟಾರ್ಪಾಲು ಬೇಡ. ಬಿರುಸಾಗಿರುತ್ತದೆ, ತೊಡೆಗೆ ಉಜ್ಜುತ್ತದೆ. ಹೆಜ್ಜೆ ಇಟ್ಟಾಗಲೆಲ್ಲ ಪರಪರ ಸದ್ದು ಮಾಡುತ್ತದೆ. ಈ ನಾಯಿಗಳು ಸೂಕ್ಷ್ಮ, ಆ ಸದ್ದಿಗೇ ಬೆದರಿ ನಿಂತುಬಿಡುತ್ತವೆ.

ರಾತ್ರಿ ಕೋಟಿಗೆ ಕಂಬಳಿ ನೆನಪಾಗುವುದು ಸಹಜ. ಗದ್ದೆ ನಟ್ಟಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದ ಊರು ನಮ್ಮದು. ಉಣ್ಣೆ ಸ್ವಲ್ಪ ತೇವ ಆದರೂ ಬಿಸಿ ಬಿಡುವುದಿಲ್ಲ, ಅದು ನಿಜ. ಆದರೆ ಕುರಿ ಕಂಬಳಿ ಒರಟು. ಈ ತೆಳು ಚರ್ಮಕ್ಕೆ ನೇರ ತಾಗಿದರೆ ಕಂಕುಳಲ್ಲಿ, ಎದೆಯಲ್ಲಿ ಕೆಂಪು ಗೀರು ಏಳುತ್ತದೆ. ಕಂಬಳಿಯನ್ನು ಹೊರಗೆ ಇಟ್ಟು ಒಳಗೆ ಹಳೆಯ ಹತ್ತಿ ಪಂಚೆ ಅಥವಾ ಮೆತ್ತನೆಯ ಸೀರೆಯ ಅಸ್ತರಿ ಕೊಡಿ. ಉಣ್ಣೆ ಇಲ್ಲದಿದ್ದರೆ ಈಗ ಎಲ್ಲ ಕಡೆ ಸಿಗುವ ಮೆತ್ತನೆಯ ಫ್ಲೀಸ್ ಹೊದಿಕೆ ಸಾಕು. ಅದು ಬೇಗ ಒಣಗುತ್ತದೆ. ಜುಲೈ ತಿಂಗಳಲ್ಲಿ ಬಟ್ಟೆ ಬೇಗ ಒಣಗುವುದಕ್ಕಿಂತ ದೊಡ್ಡ ಗುಣ ಇನ್ನೇನಿದೆ?

ಉಳಿದಂತೆ: 2 ಇಂಚು ಅಗಲದ ವೆಲ್ಕ್ರೋ, ಗಟ್ಟಿ ನೈಲಾನ್ ದಾರ, ದರ್ಜಿ ಟೇಪು, ಹಳೆಯ ಪತ್ರಿಕೆ, ಮೇಣದಬತ್ತಿ, ಬಟ್ಟೆ ಒಣಗಿಸುವ ಕ್ಲಿಪ್ಪು. ಕೊರಳಪಟ್ಟಿಗೆ ಮಂಚಕ್ಕೆ ಹಾಕುವ ನವಾರು, ಬೆಸುಗೆ ಹಾಕಿದ ಎರಡು ಉಂಗುರ, 'ಡಿ' ಆಕಾರದ ಒಂದು ಉಂಗುರ. ದನದ ಹಗ್ಗ, ಗಂಟೆ ಮಾರುವ ಅಂಗಡಿಯಲ್ಲಿ ಇವು ಸಿಗುತ್ತವೆ.

ಹಂತ 1: ಅಳತೆ

ನಾಯಿ ನಾಲ್ಕು ಕಾಲಿನ ಮೇಲೆ ನೇರ ನಿಂತಿರಬೇಕು. ಕೂತಾಗ, ಮಲಗಿದಾಗ ತೆಗೆದ ಅಳತೆ ಸುಳ್ಳು. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ, ಇನ್ನೊಬ್ಬರು ಟೇಪು ಹಿಡಿಯಲಿ. ನಾಲ್ಕು ಅಳತೆ ಸಾಕು:

ಬೆನ್ನು: ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ.
ಅಗಲ: ಒಂದು ಮೊಣಕೈಯಿಂದ ಬೆನ್ನಿನ ಮೇಲೆ ಹಾಯ್ದು ಇನ್ನೊಂದು ಮೊಣಕೈವರೆಗೆ.
ಎದೆ ಸುತ್ತು: ಮುಂಗಾಲಿನ ಹಿಂದೆ, ಎದೆ ಅತಿ ಆಳ ಇರುವ ಕಡೆ.
ಕುತ್ತಿಗೆ ಬುಡದ ಸುತ್ತು: ಭುಜಕ್ಕೆ ಸೇರುವ ಕಡೆ, ಟೇಪಿನ ಅಡಿ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು.

ಮುಂದಿನ ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆನ್ನು 27 ಇಂಚು, ಅಗಲ 24, ಎದೆ ಸುತ್ತು 30, ಕುತ್ತಿಗೆ ಬುಡ 18. ನಿಮ್ಮ ನಾಯಿಯ ಅಳತೆ ಬೇರೆ ಇರುತ್ತದೆ. ಈ ಅಂಕಿಯನ್ನೇ ಹಿಡಿದು ಬಟ್ಟೆ ಕತ್ತರಿಸಬೇಡಿ.

ಹಂತ 2: ಕಾಗದದ ಅಚ್ಚು

ಇದನ್ನು ಬಿಟ್ಟು ನೇರ ಬಟ್ಟೆಗೆ ಕತ್ತರಿ ಹಾಕುವವರೇ ಜಾಸ್ತಿ. ದಯವಿಟ್ಟು ಬೇಡ. ಹಳೆಯ ಪತ್ರಿಕೆಗಳನ್ನು ಅಂಟಿಸಿ ದೊಡ್ಡದು ಮಾಡಿ, ಉದ್ದಕ್ಕೆ ಎರಡಾಗಿ ಮಡಿಸಿ. ಮಡಿಕೆಯ ಗೆರೆಯೇ ಬೆನ್ನುಮೂಳೆ. ಅರ್ಧ ಬರೆದು ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಕೋಟು.

ಮಡಿಕೆಯ ಮೇಲೆ ಒಂದು ಚುಕ್ಕಿ ಇಡಿ. ಇದು ಕುತ್ತಿಗೆಯ ಬುಡ. ಅಲ್ಲಿಂದ ಹಿಂದಕ್ಕೆ 27 ಇಂಚು ಅಳೆಯಿರಿ, ಅದು ಬಾಲದ ಬುಡ. ಮಡಿಕೆಯಿಂದ ಪಕ್ಕಕ್ಕೆ ಅಗಲದ ಅರ್ಧ, ಅಂದರೆ 12 ಇಂಚು. ಇಷ್ಟಕ್ಕೆ ಒಂದು ಆಯತ ಬಂತು. ಹಿಂದಿನ ಮೂಲೆಯನ್ನು ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ತೊಡೆ ಒದ್ದೆಯಾಗುತ್ತದೆ.

ಈಗ ಮುಂದಿನ ಭಾಗ, ಸ್ವಲ್ಪ ನಿಧಾನ ಓದಿ. ಬೆನ್ನಿನ ತುಂಡಿನಿಂದ ಎರಡು ತೋಳು ಮುಂದಕ್ಕೆ ಚಾಚಿ, ಕುತ್ತಿಗೆಯ ಎರಡು ಕಡೆಯಿಂದ ಬಳಸಿ, ಎದೆಯ ಮುಂದೆ ಒಂದರ ಮೇಲೊಂದು ಕೂರಬೇಕು. ಕುತ್ತಿಗೆ ಸುತ್ತಿನ ಆರನೇ ಒಂದು ಭಾಗ, ಅಂದರೆ 3 ಇಂಚು, ಮಡಿಕೆಯಿಂದ ಪಕ್ಕಕ್ಕೆ ಗುರುತಿಸಿ. ಇಷ್ಟು ಜಾಗ ಕುತ್ತಿಗೆಗೆ ಖಾಲಿ. ಅಲ್ಲಿಂದ ಮುಂದಕ್ಕೆ ಕುತ್ತಿಗೆ ಸುತ್ತಿನ ಮೂರನೇ ಒಂದು ಭಾಗ, ಅಂದರೆ 6 ಇಂಚು, ಜೊತೆಗೆ ಮೇಲೆ ಮೇಲೆ ಕೂರುವುದಕ್ಕೆ 2 ಇಂಚು, ಒಟ್ಟು 8 ಇಂಚು ಉದ್ದದ ತೋಳು ಬರೆಯಿರಿ. ತೋಳಿನ ಅಗಲ 5 ಇಂಚು ಸಾಕು. ತೋಳಿನ ಹೊರ ಅಂಚಿನಿಂದ ಆಯತದ ಅಂಚಿಗೆ ಇಳಿಯುವ ಕಡೆ ಒಳಕ್ಕೆ ಬಾಗಿದ ಗೆರೆ ಎಳೆಯಿರಿ. ಮುಂಗಾಲು ಆಡುವುದಕ್ಕೆ ಆ ಜಾಗ ಬೇಕೇ ಬೇಕು. ಕುತ್ತಿಗೆಯ ಒಳ ಮೂಲೆಯನ್ನೂ ದುಂಡಗೆ ಮಾಡಿ.

ಕತ್ತರಿಸಿದ ಕಾಗದವನ್ನು ನಾಯಿಯ ಮೈಮೇಲೆ ಇಟ್ಟು ನೋಡಿ. ತೋಳು ಎದೆಯ ಮುಂದೆ ಸೇರುತ್ತಾ? ಬಾಲದ ಬುಡ ಮುಚ್ಚುತ್ತಾ? ನಾಯಿ ಎರಡು ಹೆಜ್ಜೆ ನಡೆದಾಗ ಭುಜದ ಹತ್ತಿರ ಕಾಗದ ಹರಿದರೆ ಬಾಗು ಸಾಲದು ಅಂತ ಅರ್ಥ. ಇನ್ನಷ್ಟು ಒಳಕ್ಕೆ ಕತ್ತರಿಸಿ. ರಾತ್ರಿ ಕೋಟಿಗೆ ಇದೇ ಅಚ್ಚಿನ ಸುತ್ತ ಅರ್ಧ ಇಂಚು ಜಾಸ್ತಿ ಬಿಡಿ, ದಪ್ಪ ಬಟ್ಟೆ ಅಷ್ಟು ಜಾಗ ತಿನ್ನುತ್ತದೆ.

ಹಂತ 3: ಕೋಟು ಹೊಲಿಗೆ

ಅಚ್ಚಿನ ಸುತ್ತ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಬಟ್ಟೆ ಕತ್ತರಿಸಿ. ಹೊರಬಟ್ಟೆ ಒಂದೇ ತುಂಡಾಗಿರಲಿ. ಬೆನ್ನುಮೂಳೆಯ ಉದ್ದಕ್ಕೆ ಜೋಡಣೆ ಬಂದರೆ ಮಳೆ ನೇರ ಬೀಳುವುದು ಅಲ್ಲಿಗೇ, ಎಷ್ಟು ಮೇಣ ಹಚ್ಚಿದರೂ ಸೋರುತ್ತದೆ. ಮಳೆ ಬಟ್ಟೆಗೆ ಗುಂಡುಪಿನ್ನು ಚುಚ್ಚಬೇಡಿ, ಚುಚ್ಚಿದ ತೂತು ಮುಚ್ಚುವುದಿಲ್ಲ. ಕ್ಲಿಪ್ಪು ಹಾಕಿ ಹಿಡಿಯಿರಿ.

ಮಳೆ ಕೋಟಿಗೆ ತೆಳು ಹತ್ತಿ ಅಸ್ತರಿ ಸಾಕು. ಹೊರಬಟ್ಟೆ, ಅಸ್ತರಿ ಎರಡರ ಚಂದದ ಮುಖ ಒಳಗೆ ಬರುವಂತೆ ಎದುರುಬದುರು ಇಟ್ಟು, ಸುತ್ತ ಹೊಲಿದು, ಅಂಗೈಯಷ್ಟು ಜಾಗ ಬಿಟ್ಟು, ಅಲ್ಲಿಂದ ತಿರುಗಿಸಿ. ಆಮೇಲೆ ಆ ಜಾಗ ಮುಚ್ಚಿ ಅಂಚಿನುದ್ದಕ್ಕೂ ಇನ್ನೊಂದು ಹೊಲಿಗೆ. ಹೊಲಿಗೆ ದೊಡ್ಡದಿರಲಿ. ಒತ್ತೊತ್ತಾಗಿ ಹೊಲಿದರೆ ತೂತೂ ಜಾಸ್ತಿ, ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ. ಕೊನೆಗೆ ಹೊಲಿಗೆಯ ಮೇಲೆ ಮೇಣದಬತ್ತಿ ಉಜ್ಜಿ, ಅದರ ಮೇಲೆ ಒಂದು ಹಳೆಯ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ತೀರಾ ಕಡಿಮೆ ಬಿಸಿಯಲ್ಲಿ ಒಮ್ಮೆ ಆಡಿಸಿ. ಮೇಣ ಕರಗಿ ತೂತಿಗೆ ಇಳಿಯುತ್ತದೆ. ಬಿಸಿ ಜಾಸ್ತಿಯಾದರೆ ರೇನ್‌ಕೋಟಿನ ಬಟ್ಟೆಯೇ ಕರಗಿಬಿಡುತ್ತದೆ, ಮೊದಲು ಬಿಸಾಡುವ ಚೂರಿನ ಮೇಲೆ ನೋಡಿಕೊಳ್ಳಿ. ಜೇನುಮೇಣ ಸಿಕ್ಕರೆ ಇನ್ನೂ ಒಳ್ಳೆಯದು.

ಮುಂದೆ ಹೊಟ್ಟೆಪಟ್ಟಿ. ಎದೆ ಸುತ್ತು 30ರಲ್ಲಿ ಕೋಟಿನ ಅಗಲ 24 ಕಳೆದರೆ ಉಳಿದದ್ದು 6 ಇಂಚು. ಅದಕ್ಕೆ ವೆಲ್ಕ್ರೋ ಹಿಡಿಯಲು 5 ಇಂಚು ಸೇರಿಸಿ, 11 ಇಂಚಿನ ಪಟ್ಟಿ. ಅಗಲ 5 ಇಂಚು ಇರಲಿ. ಸಣ್ಣ ದಾರದ ತರ ಮಾಡಿದರೆ ಚರ್ಮ ಕೊರೆಯುತ್ತದೆ. ಇದನ್ನು ಎಡ ಅಂಚಿಗೆ ಹೊಲಿದು, ಎದೆಯ ಅಡಿಯಿಂದ ತಂದು, ಬಲ ಮಗ್ಗುಲಿನ ಹೊರಗೆ ಅಂಟಿಸುವಂತೆ ಮಾಡಿ.

ಪಟ್ಟಿ ಎಲ್ಲಿ ಬರಬೇಕು ಅನ್ನುವುದೇ ಇಡೀ ಕೋಟಿನ ಮರ್ಮ. ಮೊಣಕೈಯಿಂದ ಎರಡು ಮೂರು ಇಂಚು ಹಿಂದೆ, ಎದೆಯ ಮೂಳೆ ಇರುವ ಕಡೆಯೇ ಬರಬೇಕು. ಅದಕ್ಕಿಂತ ಹಿಂದೆ ಹೋದರೆ ಹೊಟ್ಟೆ ಮೇಲಕ್ಕೆ ಸೆಳೆದುಕೊಂಡಿರುವ ಜಾಗ, ಪಟ್ಟಿ ಅಲ್ಲಿ ಸಡಿಲ ಬೀಳುತ್ತದೆ, ಕೋಟು ಒಂದು ಮಗ್ಗುಲಿಗೆ ತಿರುಗುತ್ತದೆ. ಗಂಡು ನಾಯಿಯಾದರೆ ಉಚ್ಚೆಯಲ್ಲಿ ನೆನೆಯುವುದೂ ಆಗುತ್ತದೆ. ತೀರಾ ಮುಂದೆ ಬಂದರೆ ಕಂಕುಳು ಉಜ್ಜಿ ಹುಣ್ಣಾಗುತ್ತದೆ.

ವೆಲ್ಕ್ರೋದಲ್ಲಿ ಒರಟು ಮುಖ, ಮೆತ್ತನೆ ಮುಖ ಅಂತ ಎರಡಿರುತ್ತದೆ. ಒರಟು ಮುಖ ಯಾವತ್ತೂ ನಾಯಿಯ ಮೈ ಕಡೆ ನೋಡಬಾರದು. ತೋಳುಗಳಲ್ಲೂ ಅಷ್ಟೇ, ಒಳಗೆ ಬರುವ ತೋಳಿನ ಮೇಲೆ ಒರಟು, ಹೊರಗೆ ಬರುವ ತೋಳಿನ ಒಳಮೈಗೆ ಮೆತ್ತನೆಯದು.

ರಾತ್ರಿ ಕೋಟಿಗೆ ಮೇಣ ಬೇಡ, ಉಳಿದದ್ದೆಲ್ಲ ಹಾಗೇ. ಅದರ ಜೊತೆಗೆ ಹಳೆಯ ಸ್ವೆಟರಿನ ತೋಳು ಒಂದನ್ನು ಕತ್ತರಿಸಿ ಇಟ್ಟುಕೊಳ್ಳಿ. ಎರಡು ತುದಿ ಮಡಿಸಿ ಹೊಲಿದರೆ ಕುತ್ತಿಗೆ, ಕಿವಿ ಮುಚ್ಚುವ ಟೋಪಿ ಆಯಿತು. ಉದ್ದ ಕುತ್ತಿಗೆಯ ನಾಯಿಗೆ ಇದು ಬಹಳ ಹಿತ. ನೀವು ಎದುರಿಗಿದ್ದಾಗ ಮಾತ್ರ ಹಾಕಿ. ಒಂಟಿಯಾಗಿದ್ದಾಗ ಕಣ್ಣಿನ ಮೇಲೆ ಎಳೆದುಕೊಂಡು ಒದ್ದಾಡುತ್ತದೆ.

ಹಂತ 4: ಜಾರದ ಕೊರಳಪಟ್ಟಿ

ಈ ನಾಯಿಗಳ ತಲೆ ಸಣ್ಣ, ಕುತ್ತಿಗೆ ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಮಾಮೂಲಿ ಬೆಲ್ಟ್ ಹಾಕಿದರೆ ನಾಯಿ ಒಂದೇ ಒಂದು ಹೆಜ್ಜೆ ಹಿಂದಕ್ಕೆ ಜಗ್ಗಿದರೆ ಸಾಕು, ತಲೆ ಆಚೆ ಬರುತ್ತದೆ. ಗುಡುಗಿನ ಸದ್ದಿಗೋ, ಎದುರು ಮನೆಯ ಕೋಳಿಗೋ, ಬೆಕ್ಕಿಗೋ ಹೀಗೆ ತಪ್ಪಿಸಿಕೊಂಡ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ರಸ್ತೆಯ ತುದಿಯಲ್ಲಿರುತ್ತದೆ. ಬೆನ್ನಟ್ಟುವಾಗ ಇವಕ್ಕೆ ಕರೆದದ್ದು ಕೇಳುವುದಿಲ್ಲ. ಎಷ್ಟೇ ಚೆನ್ನಾಗಿ ಕಲಿಸಿದ್ದರೂ ಬೇಲಿ ಇಲ್ಲದ ಜಾಗದಲ್ಲಿ ಬಿಡಬೇಡಿ. ನಮ್ಮ ಕಡೆ ಚಿರತೆ ಕಾಟವೂ ಇದೆ, ಕತ್ತಲಾದ ಮೇಲಂತೂ ಬೇಡವೇ ಬೇಡ.

ಇದಕ್ಕೆ ಪರಿಹಾರ ಮಾರ್ಟಿಂಗೇಲ್ ಪಟ್ಟಿ. ಒಂದು ದೊಡ್ಡ ಪಟ್ಟಿಯ ಎರಡು ತುದಿಗೂ ಉಂಗುರ, ಆ ಎರಡು ಉಂಗುರದ ಮೂಲಕ ಹಾಯುವ ಒಂದು ಸಣ್ಣ ಬಳೆ. ಹಗ್ಗವನ್ನು ಸಣ್ಣ ಬಳೆಗೆ ಸಿಕ್ಕಿಸುತ್ತೇವೆ. ನಾಯಿ ಜಗ್ಗಿದರೆ ಬಳೆ ಎಳೆದು ಪಟ್ಟಿ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ಉಸಿರು ಕಟ್ಟುವ ಸರಪಳಿಗೂ ಇದಕ್ಕೂ ವ್ಯತ್ಯಾಸ ಇದೆ. ಇದು ಒಂದು ಮಿತಿಗಿಂತ ಬಿಗಿಯಾಗುವುದಿಲ್ಲ.

ಕಿವಿಯ ಹಿಂದೆ ಕುತ್ತಿಗೆ ಸುತ್ತು ಅಳೆಯಿರಿ, 14 ಇಂಚು ಅನ್ನೋಣ. ತಲೆಯ ಅತಿ ಅಗಲದ ಸುತ್ತು 16. ದೊಡ್ಡ ಪಟ್ಟಿಯ ಉದ್ದ ಕುತ್ತಿಗೆಗಿಂತ ಎರಡೂವರೆ ಇಂಚು ಕಡಿಮೆ, ಅಂದರೆ 11.5. ಎರಡು ತುದಿ ಉಂಗುರಕ್ಕೆ ಮಡಿಸಲು ಒಂದೂವರೆ ಇಂಚಿನಂತೆ ಸೇರಿಸಿ 14.5 ಇಂಚು ನವಾರು ಕತ್ತರಿಸಿ. ಸಣ್ಣ ಬಳೆಯ ಸುತ್ತು 10 ಇಂಚು. ದೊಡ್ಡ ಪಟ್ಟಿಯ ಉದ್ದಕ್ಕೆ ಬಳೆಯ ಅರ್ಧ ಸೇರಿಸಿದರೆ ತಲೆ ಸುತ್ತಿಗಿಂತ ಅರ್ಧ ಇಂಚು ಜಾಸ್ತಿ ಬರಬೇಕು, 11.5ಕ್ಕೆ 5 ಸೇರಿದರೆ 16.5, ಸರಿಯಾಯಿತು. ಅಷ್ಟಿಲ್ಲದಿದ್ದರೆ ತಲೆ ದಾಟುವುದಿಲ್ಲ.

ಪಟ್ಟಿ 2 ಇಂಚು ಅಗಲ ಇರಲಿ, ಒಳಗೆ ಮೆತ್ತನೆ ಬಟ್ಟೆ ಹೊಲಿಯಿರಿ. ಬಳೆಗೆ ಒಂದಿಂಚಿನ ಪಟ್ಟಿ ಸಾಕು. ಬಳೆಯನ್ನು ಎರಡೂ ಉಂಗುರದೊಳಗೆ ಹಾಯಿಸಿ, 'ಡಿ' ಉಂಗುರವನ್ನೂ ಪೋಣಿಸಿ, ಆಮೇಲೆಯೇ ತುದಿ ಜೋಡಿಸಿ ಹೊಲಿಯಿರಿ. ಮೊದಲೇ ಹೊಲಿದುಬಿಟ್ಟರೆ ಮತ್ತೆ ಬಿಚ್ಚಬೇಕಾಗುತ್ತದೆ. ಜೋಡಣೆಯಲ್ಲಿ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಿ. ಆಮೇಲೆ ನಿಮ್ಮ ಕಾಲಡಿ ಒಂದು ತುದಿ ಒತ್ತಿಕೊಂಡು ಪೂರ್ತಿ ಬಲ ಹಾಕಿ ಜಗ್ಗಿ ನೋಡಿ. ದಾರ ಕಿರುಗುಟ್ಟಿದರೆ ಮತ್ತೊಂದು ಸುತ್ತು ಹೊಲಿಯಿರಿ.

ಹಾಕಿದ ಮೇಲೆ ಪರೀಕ್ಷೆ: ಹಗ್ಗ ಜಗ್ಗಿದಾಗ ಎರಡು ಉಂಗುರದ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಉಂಗುರ ಒಂದಕ್ಕೊಂದು ತಾಗಿದರೆ ಪಟ್ಟಿ ಸಡಿಲ, ನಾಯಿ ತಪ್ಪಿಸಿಕೊಳ್ಳುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿಡಿ. ಇದನ್ನು ಹಾಕಿ ಕಂಬಕ್ಕೆ ಕಟ್ಟುವುದು, ಹಿತ್ತಲಲ್ಲಿ ಬಿಡುವುದು ಅಪಾಯ. ಸಡಿಲ ಬಳೆ ಗೇಟಿಗೋ ಬೇಲಿಗೂಟಕ್ಕೋ ಸಿಕ್ಕಿಕೊಂಡರೆ ನಾಯಿ ಗಾಬರಿಯಲ್ಲಿ ಇನ್ನೂ ಜಗ್ಗುತ್ತದೆ.

ಹಂತ 5: ಹಾಸಿಗೆ

ಮಳೆಗಾಲದಲ್ಲಿ ನಮ್ಮ ಮನೆಗಳ ನೆಲ ಬೆವರುತ್ತದೆ. ಆ ನೆಲದ ಮೇಲೆ ಗೋಣಿಚೀಲ ಹಾಸಿದರೆ ಈ ನಾಯಿಗೆ ಸಾಲುವುದಿಲ್ಲ. ಮೊಣಕೈ, ಸೊಂಟದ ಮೂಳೆಗಳ ಮೇಲೆ ಮಾಂಸ ಇಲ್ಲ, ಕೂದಲು ಉದುರಿ ಚರ್ಮ ದಡ್ಡುಗಟ್ಟುತ್ತದೆ. ಹಲಗೆಗಳನ್ನು ಜೋಡಿಸಿ ನೆಲದಿಂದ ನಾಲ್ಕು ಇಂಚು ಎತ್ತರದ ಮಣೆ ಮಾಡಿ, ಮೇಲೆ ದಪ್ಪ ಹಾಸಿಗೆ ಹಾಕಿ. ಹಳೆಯ ಸೀರೆಗಳ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಕಬಹುದು, ಬೂರುಗದ ಹತ್ತಿ ಇದ್ದರೆ ಚೀಲಕ್ಕೆ ತುಂಬಿ ಹೊಲಿಯಬಹುದು. ಒಗೆಯಲು ಬಿಚ್ಚಿ ತೆಗೆಯುವಂತೆ ಮೇಲುಚೀಲ ಬೇರೆಯೇ ಇರಲಿ. ಭತ್ತದ ಹುಲ್ಲು ತುಂಬುವವರಿದ್ದಾರೆ, ಬೇಸಿಗೆಯಲ್ಲಿ ಸರಿ. ಮಳೆಯಲ್ಲಿ ಅದು ತೇವ ಹಿಡಿದು ಬೂಷ್ಟು ಕಟ್ಟುತ್ತದೆ.

ಬಚ್ಚಲು ಒಲೆ, ಹೊಡಸಲಿನ (ಚಳಿ ಕಾಯಿಸುವ ಬೆಂಕಿ) ಹತ್ತಿರ ಹಾಸಿಗೆ ಹಾಕುವಾಗ ಹುಷಾರು. ಬಿಸಿ ಹುಡುಕಿಕೊಂಡು ನಾಯಿ ಕೆಂಡದ ಪಕ್ಕಕ್ಕೇ ಸರಿಯುತ್ತದೆ. ತೆಳು ಚರ್ಮ ಬೇಗ ಸುಡುತ್ತದೆ, ಫ್ಲೀಸ್ ಕೋಟಿಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅಡ್ಡಕ್ಕೆ ಒಂದು ಹಲಗೆ ನಿಲ್ಲಿಸಿ.

ಹಾಸಿಗೆಯ ಕೌದಿಯಿಂದ ಉಳಿದ ಹತ್ತಿ ಸೀರೆ ಚೂರುಗಳನ್ನು ಜಡೆ ಹೆಣೆದು, ಎರಡು ತುದಿ ಗಂಟು ಹಾಕಿದರೆ ಜಗ್ಗಾಡುವ ಆಟಿಕೆಯಾಯಿತು. ಎಳೆ ಬಿಚ್ಚಿಕೊಂಡ ದಿನ ಬಿಸಾಡಿ, ನಾಯಿ ನುಂಗಬಾರದು. ತೆಂಗಿನ ಸಿಪ್ಪೆ, ಹಸಿ ಅಡಿಕೆ ಆಟಕ್ಕೆ ಬೇಡ. ಸಿಪ್ಪೆಯ ನಾರು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು, ಅಡಿಕೆ ಜಗಿದರೆ ವಾಂತಿ ಭೇದಿ ಹಿಡಿಯುತ್ತದೆ.

ಹಂತ 6: ಮಳೆಯಲ್ಲಿ ತಿರುಗಾಡಿ ಬಂದ ಮೇಲೆ

ಕೋಟು ಎಷ್ಟೇ ಚೆನ್ನಾಗಿದ್ದರೂ ಈ ಹಂತ ತಪ್ಪಿದರೆ ಪ್ರಯೋಜನ ಇಲ್ಲ. ಜಗಲಿಗೆ ಬಂದ ಕೂಡಲೇ ಮಳೆ ಕೋಟು ತೆಗೆದು ನೇತುಹಾಕಿ. ಬೈರಾಸಿನಿಂದ ಕಾಲು, ಹೊಟ್ಟೆ, ಕಂಕುಳು ಒತ್ತಿ ಒರೆಸಿ. ಜೋರಾಗಿ ತಿಕ್ಕಬೇಡಿ, ಚರ್ಮ ಕೆಂಪಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ರಾತ್ರಿ ಕೋಟು. ಒದ್ದೆ ಮೈ ಮೇಲೆ ಬೆಚ್ಚಗಿನ ಕೋಟು ಹಾಕಿದರೆ ಒಳಗೆ ಬೆವೆತಂತಾಗಿ ಚರ್ಮಕ್ಕೆ ಬೂಷ್ಟು ರೋಗ, ತುರಿಕೆ ಶುರು.

ಒರೆಸುವಾಗಲೇ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹಿಡಿದಿದೆಯಾ ನೋಡಿ. ಬೆರಳ ಸಂದಿ, ಕಿವಿಯ ಒಳಗೆ, ತುಟಿಯ ಮಡಿಕೆ, ಬಾಲದ ಅಡಿ. ಚಿಟಿಕೆ ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಹೊಗೆಸೊಪ್ಪಿನ ನೀರು, ಸುಣ್ಣ ನಾಯಿಗೆ ಬೇಡ, ನೆಕ್ಕಿಬಿಡುತ್ತದೆ. ಮೂಗಿನೊಳಗೆ ಸೇರಿದ್ದರೆ ಕೆದಕದೆ ವೈದ್ಯರ ಹತ್ತಿರ ಹೋಗಿ.

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿಯಾದ ಬೋರ್ಡೋ ದ್ರಾವಣ ಹೊಡೆದಿದ್ದರೆ ಆ ದಿನಗಳಲ್ಲಿ ತೋಟದ ದಾರಿ ಬಿಡಿ. ಅದರಲ್ಲಿ ಮೈಲುತುತ್ತ ಇರುತ್ತದೆ. ಮರದಿಂದ ತೊಟ್ಟಿಕ್ಕಿ ಕೋಟಿನ ಮೇಲೆ ನೀಲಿ ಕಲೆ ಕಂಡರೆ ಕೋಟು ತೊಳೆಯಿರಿ, ಪಾದವನ್ನೂ ತೊಳೆಯಿರಿ. ಪಾದ ನೆಕ್ಕುವುದು ಈ ನಾಯಿಗಳ ಅಭ್ಯಾಸ.

ಮಳೆ ನಿಂತ ಮೇಲೆ ಉಣ್ಣೆಯ ಸರದಿ, ಅಂದರೆ ರಕ್ತ ಹೀರುವ ಉಣುಗು. ಕೋಟಿನ ಅಡಿಯ ಬೆಚ್ಚಗಿನ ಜಾಗ ಅದಕ್ಕೆ ಇಷ್ಟ. ಹಾಗಾಗಿ ರಾತ್ರಿ ಕೋಟನ್ನು ದಿನಕ್ಕೊಮ್ಮೆಯಾದರೂ ತೆಗೆದು ಇಡೀ ಮೈ ಮೇಲೆ ಬರಿ ಕೈ ಆಡಿಸಿ. ಗಿಡ್ಡ ಕೂದಲಿನಲ್ಲಿ ಸಾಸಿವೆ ಕಾಳಿನಷ್ಟು ಉಬ್ಬಿದ್ದರೂ ಬೆರಳಿಗೆ ಸಿಗುತ್ತದೆ. ಸಿಕ್ಕಿದ್ದನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕಬೇಡಿ, ಬರಿ ಬೆರಳಲ್ಲಿ ಹಿಸುಕಬೇಡಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಆ ವೈರಸ್ ಹರಡುವುದು ಕಾಡಿನ ಉಣುಗಿನಿಂದ. ಮಂಗ ಸತ್ತಿರುವ ಸುದ್ದಿ ಇರುವ ಕಡೆಗೆ ನಾಯಿಯನ್ನು ಕರೆದೊಯ್ಯಬೇಡಿ.

ನಾಯಿ ಎರಡು ಹೊತ್ತು ಊಟ ಬಿಟ್ಟರೆ, ವಸಡು ಬಿಳುಚಿಕೊಂಡರೆ, ಉಚ್ಚೆ ಕಡು ಬಣ್ಣಕ್ಕೆ ತಿರುಗಿದರೆ ಉಣುಗು ಜ್ವರ ಇರಬಹುದು. ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋದಾಗ ಎರಡು ವಿಷಯ ತಪ್ಪದೆ ಹೇಳಿ. ಒಂದು, ಇದು ಗ್ರೇಹೌಂಡ್ ಜಾತಿ ಎಂದು. ಆರೋಗ್ಯವಾಗಿರುವ ಗ್ರೇಹೌಂಡ್ ರಕ್ತದಲ್ಲೂ ಕೆಂಪು ಕಣ ಬೇರೆ ನಾಯಿಗಳಿಗಿಂತ ಜಾಸ್ತಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ. ಉಣುಗು ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಹಾಗಾಗಿ ಆ ಒಂದು ಅಂಕಿಯನ್ನೇ ನಂಬಿದರೆ ದಾರಿ ತಪ್ಪಬಹುದು. ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಚೀಟಿ ಎತ್ತಿಟ್ಟಿದ್ದರೆ ವೈದ್ಯರಿಗೆ ಹೋಲಿಸಿ ನೋಡಲು ಅನುಕೂಲ. ಎರಡು, ಆಪರೇಷನ್ ಅಂತಾದರೆ ಅರಿವಳಿಕೆಯ ಬಗ್ಗೆ ಮೊದಲೇ ಮಾತಾಡಿ. ಥಯೋಪೆಂಟಲ್ ಗುಂಪಿನ ಔಷಧಿ ಗ್ರೇಹೌಂಡ್ ಮೈಯಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಮೈ ತಣ್ಣಗಾಗುವುದೂ ಬೇಗ. ವಾಪಸ್ ಕರೆತರುವಾಗ ರಾತ್ರಿ ಕೋಟು ಚೀಲದಲ್ಲಿರಲಿ.

ಕೋಟು ಒಗೆಯುವ ಬಗ್ಗೆ ಕೇಳುವವರಿಗೆ: ಮಳೆ ಕೋಟನ್ನು ತಣ್ಣೀರಿನಲ್ಲಿ ಜಾಲಿಸಿದರೆ ಸಾಕು, ಸೋಪು ಹಾಕಿ ಉಜ್ಜಿದರೆ ನೀರು ತಡೆಯುವ ಪದರ ಹೋಗುತ್ತದೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹೊಲಿಗೆಗಳಿಗೆ ಮತ್ತೆ ಮೇಣ ಉಜ್ಜಿ. ಕಂಬಳಿ ಕೋಟನ್ನು ಬಿಸಿನೀರಿಗೆ ಹಾಕಬೇಡಿ, ಕುಗ್ಗಿಬಿಡುತ್ತದೆ. ರಾತ್ರಿ ಕೋಟು ಎರಡು ಹೊಲಿದಿಟ್ಟುಕೊಂಡರೆ ಒಂದು ಒಲೆ ಮೇಲಿನ ಹಗ್ಗದಲ್ಲಿ ಒಣಗುತ್ತಿರುವಾಗ ಇನ್ನೊಂದು ಮೈಮೇಲಿರುತ್ತದೆ. ನೇತುಹಾಕುವ ಮೊದಲು ವೆಲ್ಕ್ರೋ ಮುಚ್ಚಿ. ಬಿಟ್ಟರೆ ಅದು ಮನೆಯ ಎಲ್ಲರ ಬಟ್ಟೆಯ ನೂಲನ್ನೂ ಹಿಡಿದುಕೊಂಡು ಒಂದೇ ಮಳೆಗಾಲದಲ್ಲಿ ಅಂಟು ಕಳೆದುಕೊಳ್ಳುತ್ತದೆ.